ನೂಲಿನ ಹಗ್ಗಕ್ಕೆ ಲಾರಿ ಗಂಟು

ಅಕ್ಕಯ್ಯಮ್ಮನಿಗೆ ಮೂರು ದಿನದ ಕೂಲಿ, ದಿನಕ್ಕೆ ನೂರೈವತ್ತರಂತೆ, ಇನ್ನೂ ಬಂದಿಲ್ಲ. ಕೊಡಬೇಕಾದವನು ಬೆಂಗಳೂರಿನ ಉಲ್ಲಾಳದ ಅರುಣ್ ಕುಮಾರ್. ಬೆಟ್ಟದ ಮೇಲೆ ರಾತ್ರಿಯೊಂದಕ್ಕೆ ಎಂಟು ಸಾವಿರ ಬಾಡಿಗೆಯ ಡೇರೆಗಳನ್ನು ಇಟ್ಟುಕೊಂಡಿರುವ ಮನುಷ್ಯ.

ಅಕ್ಕಯ್ಯಮ್ಮ ನಾಯಂಡಹಳ್ಳಿಯವಳು. ಮೊದಲು ಗಾರ್ಮೆಂಟ್ಸ್‌ನಲ್ಲಿದ್ದಳು. ಕುಡಿಯುವ ನೀರು ಕೊಡಿ ಎಂದು ಗೇಟಿನ ಮುಂದೆ ಧರಣಿ ಕೂತಾಗ ಮೊದಲ ಸಾಲಿನಲ್ಲಿದ್ದಳು, ಕೆಲಸ ಹೋದಾಗಲೂ ಮೊದಲ ಹೆಸರು ಅವಳದೇ. ಸಂಘದವರು ನಾವು ವಕೀಲರನ್ನು ನೋಡೋಣ ಎಂದರೆ, "ನೀವು ನೋಡ್ಕೊಂಡು ಬನ್ನಿ ಸಾರ್, ನಾನು ನಾಳೆ ಒಲೆ ಹಚ್ಬೇಕು" ಅಂದಳು. ಮಾರನೆಯ ದಿನವೇ ಮೈಸೂರು ರಸ್ತೆಯ ಪಕ್ಕ ಚನ್ನವೀರಪ್ಪನ ಟಾರ್ಪಾಲಿನ್ ಹೊಲಿಯುವ ಶೆಡ್ಡಿಗೆ ನುಗ್ಗಿದಳು. ಗಂಡಸರಷ್ಟೇ ಕೂರುತ್ತಿದ್ದ ದಪ್ಪ ಮೆಷಿನ್ನಿಗೆ ಆರು ತಿಂಗಳಲ್ಲಿ ತಾನೂ ಕೂತಳು. ಆಮೇಲೆ ಇನ್ನೂ ಮೂವರು ಹೆಂಗಸರನ್ನು ಕರೆತಂದು ಕೂರಿಸಿದಳು.

ಎರಡು ಸಾವಿರದ ಆರರಲ್ಲಿ ಅರುಣ್ ಕುಮಾರ್ ಅಲ್ಲಿಗೆ ಬಂದ. ಅವರಪ್ಪನ ರಾಗಿ ಹೊಲ ಲೇಔಟ್ ಆಗಿತ್ತು. ಆ ದುಡ್ಡಲ್ಲಿ ಮಂಜು ಮುಸುಕುವ ಬೆಟ್ಟದಲ್ಲಿ, ಕಾಡಿನ ಅಂಚಿಗೆ, ಜಾಗ ಹಿಡಿದಿದ್ದ. ಸೋಲಾರ್ ದೀಪ, ಹಿತ್ತಾಳೆ ಬೇಸಿನ್ನು, ಬೆಳಗ್ಗೆ ಗೈಡ್ ಜೊತೆ ಕಾಡಿನ ನಡಿಗೆ. ಪ್ಲಾಸ್ಟಿಕ್ ಮಾತ್ರ ಒಂದು ಚೂರೂ ಕೂಡದು. ಹತ್ತಿ ಕ್ಯಾನ್ವಾಸಿನ ಹನ್ನೆರಡು ಡೇರೆ ಬೇಕು, ಹಗ್ಗವೂ ನೈಲಾನ್ ಬೇಡ, ನೂಲಿನದೇ ಇರಲಿ ಅಂದ.

ನಾಲ್ವರೂ ಸೇರಿ ಹೊಲಿದರು. ದಾರ ಉಬ್ಬಿ ಸೂಜಿಯ ತೂತು ಮುಚ್ಚಲಿ ಎಂದು ಡೇರೆಗಳನ್ನು ಎರಡೆರಡು ಸಲ ನೆನೆಸಿ ಒಣಗಿಸಿದರು. ಒಯ್ಯಲು ಬಂದ ಅವನ ಆಳುಗಳಿಗೆ ಹಗ್ಗ ಕಟ್ಟುವುದನ್ನು ಅಕ್ಕಯ್ಯಮ್ಮನೇ ಹೇಳಿಕೊಟ್ಟಳು. ಲಾರಿಯವರು ಲೋಡಿನ ಮೇಲೆ ಹಾಕುವ ಗಂಟು, ಕಾಲು ಕೊಟ್ಟು ಜಗ್ಗಿ ಬಿಗಿಯುವುದು. ಸಡಿಲ ಹಗ್ಗ ಕಂಡರೆ ನಾಯಂಡಹಳ್ಳಿಯಲ್ಲಿ ಯಾರೂ ಸುಮ್ಮನೆ ಹಾದುಹೋಗುವುದಿಲ್ಲ.

ಇಪ್ಪತ್ತು ದಿನಕ್ಕೆ ಫೋನ್ ಬಂತು. ಐದು ಡೇರೆಗಳ ಮೂಲೆ ಹರಿದಿದೆ, ಹೊಲಿಗೆ ಕಳಪೆ, ಹನ್ನೆರಡನ್ನೂ ವಾಪಸ್ ಕಳಿಸುತ್ತೇನೆ ಎಂದ ಅರುಣ್ ಕುಮಾರ್. ಚನ್ನವೀರಪ್ಪ ಫೋನ್ ಇಟ್ಟವನೇ ಹೇಳಿದ:

"ನೋಡಮ್ಮಾ, ಆ ಡೇರೆ ವಾಪಸ್ ಬಂದ್ರೆ ನೀವು ನಾಲ್ಕೂ ಜನ ಮನೆಗೆ. ಹೆಂಗಸ್ರನ್ನ ಮೆಷಿನ್ಗೆ ಕೂರಿಸ್ಬೇಡ ಅಂತ ಎಲ್ರೂ ಹೇಳಿದ್ರು."

"ಹರಿದಿದ್ದು ಹೊಲಿಗೇನೋ ಬಟ್ಟೇನೋ ನೋಡಿದೀರಾ ಯಜಮಾನ್ರೇ?"

"ನಾನೆಲ್ಲಿ ನೋಡ್ಲಿ?"

"ಹಂಗಾದ್ರೆ ನಾನ್ ನೋಡ್ಕೊಂಡ್ ಬರ್ತೀನಿ. ಅಲ್ಲೀಗಂಟ ಬಾಯ್ಮುಚ್ಕೊಂಡಿರಿ."

ಸೂಜಿ, ದಾರ, ಕತ್ತರಿ ಕಟ್ಟಿಕೊಂಡು ಬಸ್ ಹತ್ತಿದಳು. ಬೆಟ್ಟ ತಲುಪಿದಾಗ ಸಂಜೆ. ಅವಳಿಗೆ ಮಲಗಲು ಸಿಕ್ಕ ಜಾಗ ಅಡುಗೆಮನೆಯ ಹಿಂದೆ, ಅಕ್ಕಿಮೂಟೆಗಳ ಪಕ್ಕ.

ಬೆಳಗ್ಗೆ ಎದ್ದರೆ ಹತ್ತು ಮಾರು ಆಚೆ ಏನೂ ಕಾಣದಷ್ಟು ಮಂಜು. ಗೈಡ್ ಚಿಕ್ಕಣ್ಣ ಆ ಬೆಟ್ಟದ ತಪ್ಪಲಿನವನೇ. ಅತಿಥಿಗಳನ್ನು ನಡಿಗೆಗೆ ಹೊರಡಿಸುತ್ತ ಅವರ ಕಾಲಿಗೆ ನಶ್ಯದ ಪುಡಿ ಉಜ್ಜುತ್ತಿದ್ದ.

"ಯಾಕಣ್ಣ ಅದು?"

"ಜಿಗಣೆಗೆ ಅಕ್ಕ. ಆದ್ರೂ ಒಂದೆರಡು ಕಚ್ಚೇ ಕಚ್ಚುತ್ವೆ."

"ಎಂಟು ಸಾವ್ರ ಕೊಟ್ಟು ಕಚ್ಚಿಸ್ಕೊತಾರಾ? ನಮ್ ಮೋರಿ ಹತ್ರ ಬಂದಿದ್ರೆ ಸೊಳ್ಳೆ ಕೈಲಿ ಬಿಟ್ಟಿಯಾಗಿ ಕಚ್ಚಿಸ್ತಿದ್ದೆ."

ಚಿಕ್ಕಣ್ಣ ನಕ್ಕು ಮಂಜಿನೊಳಗೆ ಹೋದ. ಅವಳು ಒಂದೊಂದೇ ಡೇರೆಯ ಸುತ್ತ ಕೂತು ತಡವಿದಳು. ಎಲ್ಲೂ ಹೊಲಿಗೆ ಬಿಟ್ಟಿರಲಿಲ್ಲ. ಹಗ್ಗ ಪೋಣಿಸುವ ಹಿತ್ತಾಳೆ ಬಳೆಯೇ ಬಟ್ಟೆಯನ್ನು ಹರಿದುಕೊಂಡು ಕಿತ್ತು ಬಂದಿತ್ತು. ಮಂಜು ಕುಡಿದ ಹಗ್ಗ ಮುಟ್ಟಿದರೆ ಕಬ್ಬಿಣದ ಸರಳು. ಆಗ ತಿಳಿಯಿತು. ನೈಲಾನ್ ನೆನೆದರೆ ಬಿಗಿಯುವುದಿಲ್ಲ, ನೂಲು ಕುಗ್ಗಿ ಬಿಗಿಯುತ್ತದೆ.

ಅಂದು ಸಂಜೆ ಅರುಣ್ ಕುಮಾರನನ್ನು ಎದುರಿಗೆ ನಿಲ್ಲಿಸಿಕೊಂಡು, ಹರಿಯದೆ ಉಳಿದಿದ್ದ ಏಳರಲ್ಲಿ ಆರು ಡೇರೆಗಳ ಹಗ್ಗವನ್ನು ನಾಲ್ಕು ಬೆರಳು ಸಡಿಲ ಬಿಟ್ಟಳು.

"ಇದೇನ್ರೀ, ಸುಕ್ಕುಸುಕ್ಕು! ಫೋಟೋದಲ್ಲಿ ಚೆನ್ನಾಗಿ ಬರಲ್ಲ" ಎಂದ ಅವನು.

"ಫೋಟೋ ಬೆಳಗ್ಗೆ ತೆಗೀರಿ ಸಾರ್."

ಬೆಳಗ್ಗೆ ಆ ಆರೂ ತಮಟೆಯಂತೆ ಬಿಗಿದು ನಿಂತಿದ್ದವು. ಬಿಗಿದೇ ಬಿಟ್ಟಿದ್ದ ಏಳನೆಯದರ ಮೂಲೆ ಹರಿದು ನೇತಾಡುತ್ತಿತ್ತು.

"ತಪ್ಪು ನಂದೇ ಸಾರ್" ಅಂದಳು. "ಲಾರಿ ಗಂಟು ಹೇಳ್ಕೊಟ್ಟೋಳು ನಾನು. ಆದ್ರೆ ಹೊಲ್ಗೆ ತಪ್ಪಲ್ಲ. ಫೋನ್ ಮಾಡಿ. ಚನ್ನವೀರಪ್ಪೋರ್ಗೆ ಅದನ್ನ ನಿಮ್ ಬಾಯಲ್ಲೇ ಹೇಳಿ."

ಅವನು ಹೇಳಿದ. ಡೇರೆ ವಾಪಸ್ ಬರಲಿಲ್ಲ, ನಾಲ್ವರ ಕೆಲಸ ಉಳಿಯಿತು.

ಆ ಎರಡು ದಿನ, ಮತ್ತೊಂದು ದಿನ ಕೂತು, ಮೊದಲಿನ ಐದು ಮತ್ತು ಈಗಿನ ಒಂದು ಡೇರೆಯ ಹರಿದ ಮೂಲೆಗಳಿಗೆ ಜೋಡಿ ಬಟ್ಟೆ ಕೊಟ್ಟು ಹೊಲಿದಳು. ಹನ್ನೆರಡಕ್ಕೂ ಒಂದೊಂದು ಬಟ್ಟೆಪಟ್ಟಿ ಹಚ್ಚಿದಳು: "ಸಂಜೆ ಹಗ್ಗ ನಾಲ್ಕು ಬೆರಳು ಸಡಿಲಿಸಿ. ಹೊಲಿದವರು ಅಕ್ಕಯ್ಯಮ್ಮ ಮತ್ತು ಮೂವರು, ನಾಯಂಡಹಳ್ಳಿ." ಹೊರಡುವಾಗ ಕೂಲಿ ಕೇಳಿದಳು.

"ಎಂಟು ಸಾವಿರದ ಜಾಗದಲ್ಲಿ ಮೂರು ದಿನ ಇದ್ರಲ್ಲಮ್ಮಾ, ಊಟ ಬೇರೆ" ಎಂದ ಅರುಣ್ ಕುಮಾರ್.

"ಅಕ್ಕಿಮೂಟೆಗೂ ಎಂಟು ಸಾವ್ರ ಬಾಡ್ಗೆ ಹಾಕ್ತೀರಾ ಸಾರ್?" ಅಂದಳು. ಸುತ್ತಲಿದ್ದ ಆಳುಗಳು ಮುಖ ತಿರುಗಿಸಿಕೊಂಡು ನಕ್ಕರು. ಕೂಲಿ ಬರಲಿಲ್ಲ.

ಮುಂದಿನ ವರ್ಷ ಚಿಕ್ಕಣ್ಣ ಶೆಡ್ಡಿಗೆ ಫೋನ್ ಮಾಡಿ ಹೇಳಿದ. ಸಂಜೆಯಾದರೆ ಹಗ್ಗ ಸಡಿಲಿಸುವುದು ಈಗ ಅತಿಥಿಗಳಿಗೆ ತೋರಿಸುವ ಕಾರ್ಯಕ್ರಮವಂತೆ, ನಮ್ಮ ಕ್ಯಾಂಪಿನ ಪದ್ಧತಿ ಅನ್ನುತ್ತಾನಂತೆ ಮಾಲೀಕ. ಬಟ್ಟೆಪಟ್ಟಿಯಲ್ಲಿ ಹಗ್ಗದ ಸಾಲು ಉಳಿದಿದೆ, ಹೆಸರಿನ ಸಾಲಿಗೆ ಕತ್ತರಿ ಬಿದ್ದಿದೆ.

ಅಕ್ಕಯ್ಯಮ್ಮ ಅಳಲಿಲ್ಲ, ಅರ್ಜಿಯನ್ನೂ ಬರೆಯಲಿಲ್ಲ. ಬೇರೆ ಬೆಟ್ಟದವರಿಂದ ಇಪ್ಪತ್ತು ಡೇರೆಗಳ ಆರ್ಡರ್ ಬಂದಿತ್ತು. ಆಳಿಗೆ ಮೂವತ್ತು ರೂಪಾಯಿ ಕೂಲಿ ಏರಿಸದೆ ಮೆಷಿನ್ ತುಳಿಯುವುದಿಲ್ಲ ಎಂದು ಚನ್ನವೀರಪ್ಪನಿಗೆ ಹೇಳಿದಳು, ಅವನು ಏರಿಸಿದ. ಈಗ ನಾಲ್ವರ ಹೆಸರನ್ನೂ ಡೇರೆಯ ಬಾಗಿಲಿನ ಅಂಚಿಗೇ ದಪ್ಪ ದಾರದಲ್ಲಿ ಹೊಲಿಯುತ್ತಾಳೆ. "ಕತ್ತರಿಸಿದ್ರೆ ಡೇರೇನೇ ಹರಿಯತ್ತೆ. ಕತ್ತರಿಸ್ಲಿ, ನೋಡ್ತೀನಿ" ಅನ್ನುತ್ತಾಳೆ.

ರಜೆ ಬಂದರೆ ಬೆಟ್ಟಕ್ಕೆ ಹೋಗುವವರು ನೀವು. ಗೈಡ್ ತೋರಿಸಿದ ಹಕ್ಕಿಯ ಹೆಸರು ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಿ. ತಲೆಯ ಮೇಲಿನ ಸೂರು ಹೊಲಿದವರ ಹೆಸರನ್ನೂ ಕೇಳಿ. ಮುಂಗಡ ಕಟ್ಟುವ ಮೊದಲೇ ಕೇಳಿ, ಮಾಲೀಕನನ್ನೇ ಕೇಳಿ. ಅವನು ಹೇಳುವತನಕ ಒಂದು ಪೈಸೆಯನ್ನೂ ಬಿಚ್ಚಬೇಡಿ.