ಡಬ್ಬಕ್ಕೆ ಉಡಿ ತುಂಬಿದ ವರ್ಷ

ಮೊನ್ನೆ ಮುಂಜಾನೆ ದೇವರ ಮುಂದೆ ದೀಪ ಹಚ್ಚಲು ಕಡ್ಡಿ ಗೀರಿದೆ. ಕಡ್ಡಿ ಹತ್ತಿತು, ನಾನು ಮಾತ್ರ ದೀಪ ಹಚ್ಚುವುದನ್ನು ಮರೆತು ಹಾಗೇ ನಿಂತೆ. ಬೆರಳು ಚುರ್ ಎಂದಾಗಲೇ ಎಚ್ಚರ. ಗಂಧಕದ ಆ ವಾಸನೆ... ದ್ರಾಕ್ಷಿ ಪ್ಯಾಕ್‌ಹೌಸ್‌ನಲ್ಲಿ ಕೆಲಸ ಮಾಡಿದವರಿಗೆ ಅದು ಮೂಗಿನಿಂದ ಹೋಗುವುದೇ ಇಲ್ಲ. ಪರದೇಶಕ್ಕೆ ಹೋಗುವ ಪ್ರತಿ ಪೆಟ್ಟಿಗೆಯಲ್ಲೂ ಹಣ್ಣಿನ ಮೇಲೆ ಗಂಧಕದ ಒಂದು ಹಾಳೆ ಹೊದಿಸುತ್ತಾರೆ, ಬೂಷ್ಟು ಹಿಡಿಯಬಾರದೆಂದು. ಆ ವಾಸನೆ ಬಂದರೆ ನನಗೆ ದ್ರಾಕ್ಷಿ ನೆನಪಾಗುವುದಿಲ್ಲ, ಕಾಕಾ ನೆನಪಾಗುತ್ತಾರೆ.

ನಮ್ಮ ಪ್ಯಾಕ್‌ಹೌಸ್ ಇರುವುದು ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯಲ್ಲಿ. ಬಿ.ಕಾಂ. ಮುಗಿಸಿ ಕಾಗದಪತ್ರ ನೋಡಿಕೊಳ್ಳಲು ಸೇರಿದವಳು ಇವತ್ತಿಗೂ ಅಲ್ಲೇ ಇದ್ದೇನೆ. ಮುಂಬೈ ಕಡೆಯ ಬಂದರಿನಿಂದ ಟ್ರೇಲರ್ ಮೇಲೆ ಖಾಲಿ ಕಂಟೇನರ್ ಬರುತ್ತದೆ. ಹಣ್ಣು ತುಂಬಿಕೊಂಡು ಅದೇ ದಾರಿಯಲ್ಲಿ ತಿರುಗಿ ಹೋಗುತ್ತದೆ, ಅಲ್ಲಿಂದ ಮುಂದೆ ಮೂರು ವಾರ ಬರೀ ಸಮುದ್ರ. ನಮ್ಮ ಕಡೆ ಅದನ್ನು ಡಬ್ಬ ಎಂದೇ ಕರೆಯುತ್ತೇವೆ. ಆ ಟ್ರೇಲರ್ ಓಡಿಸುತ್ತಿದ್ದವರು ಕಾಕಾ, ನಿಪ್ಪಾಣಿ ಹತ್ತಿರದ ಕೊಗನೊಳ್ಳಿಯವರು. ನಮ್ಮೊಂದಿಗೆ ಕನ್ನಡ ಮಾತಾಡುತ್ತಿದ್ದರು. ಡಬ್ಬವನ್ನು ತಣ್ಣಗಿಡುವ ಜನರೇಟರ್ ಹಟ ಹಿಡಿದರೆ ಮಾತ್ರ ಅದಕ್ಕೆ ಮರಾಠಿಯಲ್ಲಿ ಬೈಗುಳ. ಅದೂ ಎಂಥ ಬೈಗುಳ! ಪೆಟ್ಟಿಗೆ ತುಂಬುವ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಅವರ ಕೆಲಸ ನೋಡುವುದೇ ಒಂದು ಚಂದ. ಬಾಗಿಲು ಹಾಕಿದ ಮೇಲೆ ಅದರ ಸುತ್ತಲಿನ ರಬ್ಬರಿನ ಅಂಚಿಗೆ ಅಂಗೈ ಹಿಡಿದು ಮೇಲಿಂದ ಕೆಳಗೆ ಸಾವಕಾಶ ಸರಿಸುತ್ತಿದ್ದರು. "ಅಂಗೈಗೆ ತಂಪು ಹತ್ತಿದ್ರ ಬಾಗಲಾ ಸರಿ ಕುಂತಿಲ್ಲಂತ ತಿಳಕೋ ತಂಗಿ," ಎನ್ನುತ್ತಿದ್ದರು. ಮೀಟರ್ ಸೊನ್ನೆ ಡಿಗ್ರಿ ತೋರಿಸುತ್ತಿದ್ದರೂ ಅಷ್ಟೇ, ಅಂಗೈ ಒಪ್ಪದೆ ಅವರು ಗಾಡಿ ಹೊರಡಿಸುತ್ತಿರಲಿಲ್ಲ. ನಾನು ಗಡಿಯಾರ ನೋಡಿಕೊಂಡು ಗೊಣಗುತ್ತಿದ್ದೆ. ಆಗ ನನಗೆ ಎಲ್ಲದರಲ್ಲೂ ಅವಸರ.

ಹಂಗಾಮಿನ ಮೊದಲ ಡಬ್ಬಕ್ಕೆ ನಮ್ಮಲ್ಲಿ ಉಡಿ ತುಂಬುವ ಪದ್ಧತಿ ಇತ್ತು. ಮಗಳು ಗಂಡನ ಮನೆಗೆ ಹೊರಟಾಗ ಸೆರಗಿನಲ್ಲಿ ಅಕ್ಕಿ, ಅರಿಷಿಣ ಬೇರು, ಒಣ ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಒಂದು ಖಣ ಹಾಕಿ ಕಳಿಸುತ್ತೇವಲ್ಲ, ಅದೇ. ದ್ರಾಕ್ಷಿಯೂ ಊರು ಬಿಟ್ಟು ಹೊರಟ ಮಗಳೇ ಅಲ್ಲವೇ ಎನ್ನುವುದು ಹೆಂಗಸರ ಲೆಕ್ಕ. ಆದರೆ ಡಬ್ಬದೊಳಗೆ ಹಣ್ಣು ಬಿಟ್ಟು ಒಂದು ಕಾಳೂ ಹೋಗಕೂಡದು. ಹೊರದೇಶದವರು ಕಾಳು, ಬೇರು, ಎಲೆ ಕಂಡರೆ ಕೀಟ ಬಂತೆಂದು ಇಡೀ ಡಬ್ಬವನ್ನೇ ತಡೆಯುತ್ತಾರೆ. ಆ ನಿಯಮಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದವಳೇ ನಾನು. ಇದಕ್ಕೆ ಕಾಕಾ ಒಂದು ದಾರಿ ಹುಡುಕಿದ್ದರು. ಉಡಿಯ ಗಂಟನ್ನು ತಮ್ಮ ಕ್ಯಾಬಿನ್‌ನಲ್ಲಿ ದೇವರ ಫೋಟೋದ ಕೆಳಗೆ ಇಟ್ಟುಕೊಂಡು ಹೋಗಿ, ಬಂದರಿನ ಗೇಟಿನ ಹತ್ತಿರ ಚಹಾ ಮಾರುವ ಹೆಣ್ಣುಮಗಳಿಗೆ ಕೊಡುತ್ತಿದ್ದರು. "ಸಮುದ್ರದ ತನಕ ನಾ ಮುಟ್ಟಸ್ತೀನಿ, ಮುಂದ ಅಕಿ ದೈವ," ಎನ್ನುತ್ತಿದ್ದರು. ಅದು ಹಲವು ವರ್ಷ ನಡೆಯಿತು.

ಆ ವರ್ಷ ಮೊದಲ ಡಬ್ಬದಲ್ಲಿ ನಮ್ಮ ಅಪ್ಪನ ತೋಟದ ಹಣ್ಣು ಇತ್ತು. ನಮ್ಮ ಮನೆಯ ದ್ರಾಕ್ಷಿ ಸಮುದ್ರ ದಾಟುತ್ತಿದ್ದುದು ಅದೇ ಮೊದಲು. ಅವ್ವ ಹಸಿರು ಖಣದಲ್ಲಿ ತಾನೇ ಉಡಿ ಕಟ್ಟಿ ನನ್ನ ಕೈಗೆ ಕೊಟ್ಟಳು. "ದಾರ್ಯಾಗ ಚಹಾದಕಿಗೆ ಕೊಡೂದಂದ್ರ ಏನಬೇ ಅದು? ಮಗಳ ಉಡಿ ಮಗಳ ಸಂಗಾಟನ ಹೋಗಬೇಕು. ಒಳಗ ಇಡು," ಎಂದಳು. ನಾನು ಪಟ್ಟಿಯ ವಿಷಯ ಹೇಳಿದೆ. ಅವ್ವನ ಕಣ್ಣಲ್ಲಿ ನೀರು. ಓದಿದ ತಲೆ ನನ್ನದು, ಆದರೂ ಹೂಂ ಅಂದುಬಿಟ್ಟೆ. ಹಿಡಿ ಅಕ್ಕಿ, ಅಷ್ಟು ಪೆಟ್ಟಿಗೆಗಳ ನಡುವೆ ಯಾರು ಹುಡುಕಿಯಾರು ಅಂತ.

ಡಬ್ಬ ತುಂಬಿತು. ದಾಖಲೆಗೆಂದು ಕಡೆಯ ಫೋಟೋ ತೆಗೆದೆ. "ಉಡಿ ಎಲ್ಲೈತಿ ತಂಗಿ?" ಎಂದು ಕಾಕಾ ಕೇಳಿದರು. "ಈ ಸಲ ಇಲ್ಲ ಕಾಕಾ," ಅಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಜನರೇಟರ್ ಚಾಲೂ ಮಾಡಲು ಮುಂದಕ್ಕೆ ಹೋದರು. ಆಗ ನಾನು ಚೀಲದಲ್ಲಿದ್ದ ಗಂಟನ್ನು ಕಡೆಯ ಸಾಲಿನ ಪೆಟ್ಟಿಗೆಗಳ ಸಂದಿಗೆ ತುರುಕಿದೆ. ಕಾಕಾ ಬಂದು ಬಾಗಿಲು ಹಾಕಿ, ಎಂದಿನಂತೆ ಅಂಗೈ ಆಡಿಸಿ, ಸೀಲ್ ಜಡಿದರು. ಸೀಲ್ ನಂಬರ್ ಬರೆದುಕೊಂಡವಳು ನಾನೇ.

ಮೂರು ವಾರ ಕಳೆದ ಮೇಲೆ ಆ ಕಡೆಯ ಬಂದರಿನಿಂದ ಸುದ್ದಿ ಬಂತು. ಡಬ್ಬ ತಡೆದಿದ್ದರು. ಜೊತೆಗೊಂದು ಫೋಟೋ, ಹಸಿರು ಖಣದ ಗಂಟು ಬಿಚ್ಚಿ ಹರವಿದ್ದು. ಅಕ್ಕಿಯಲ್ಲಿ ನುಸಿ ಇತ್ತಂತೆ. ಹಣ್ಣನ್ನೆಲ್ಲ ಅಲ್ಲೇ ನಾಶ ಮಾಡಿದರು. ಅಪ್ಪ ಎರಡು ದಿನ ತೋಟದ ಕಡೆ ಹೋಗಲಿಲ್ಲ. ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಇಬ್ಬರೂ ಬಾಯಿ ಬಿಡಲಿಲ್ಲ.

ಮಾಲಕರು ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಉಡಿ ಎಂದರೆ ಕಾಕಾ, ಕಾಕಾ ಎಂದರೆ ಉಡಿ ಎನ್ನುವುದು ಇಡೀ ಪ್ಯಾಕ್‌ಹೌಸಿಗೆ ಗೊತ್ತಿದ್ದ ಮಾತು. ಕಾಕಾ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. "ಈ ಸಲ ನನ್ನ ಕೈಯಾಗ ಕೊಟ್ಟಿಲ್ರಿ," ಅಂದರು. ಅಷ್ಟೇ ಅಂದರು. ಮಾಲಕರು ನನ್ನ ಕಡೆ ತಿರುಗಿದರು.

"ಪ್ರತಿ ವರ್ಷ ಅವರ ಕಡೇನ ಕೊಡ್ತೀವ್ರಿ," ಅಂದೆ.

ನೋಡಿ, ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ವರ್ಷವರ್ಷವೂ ಅವರ ಕೈಗೇ ಕೊಡುತ್ತಿದ್ದೆವು. ಆ ವರ್ಷದ ಮಾತು ನಾನು ಆಡಲೇ ಇಲ್ಲ. ಈಗ ಹೇಳುತ್ತಾರೆ, ಆಗ ಹೇಳುತ್ತಾರೆ, "ಈಕಿನ್ನ ಸರಿಯಾಗಿ ಕೇಳ್ರಿ," ಎನ್ನುತ್ತಾರೆ ಎಂದು ನೆಲ ನೋಡುತ್ತ ನಿಂತಿದ್ದೆ. ಕಾಕಾ ಹೇಳಲಿಲ್ಲ. "ಆತ್ರಿ," ಎಂದು ಟೊಪ್ಪಿಗೆ ಹಾಕಿಕೊಂಡು ಹೊರಗೆ ನಡೆದರು. ಟ್ರಾನ್ಸ್‌ಪೋರ್ಟಿನವರು ಅವರನ್ನು ಬಂದರಿನ ಗಾಡಿಯಿಂದ ಇಳಿಸಿದರು. ಅಂಥ ದೂರು ಬಂದ ಡ್ರೈವರನನ್ನು ಬೇರೆ ಯಾರೂ ಡಬ್ಬದ ಗಾಡಿಗೆ ಹತ್ತಿಸಲಿಲ್ಲ.

ಆಮೇಲೆ ಒಮ್ಮೆ ಉಗಾರದ ರಸ್ತೆಯಲ್ಲಿ ಸಿಕ್ಕಿದ್ದರು. ಕಬ್ಬಿನ ಲಾರಿ ಓಡಿಸುತ್ತಿದ್ದರು, ಮೈತುಂಬ ಧೂಳು. ಗಾಡಿ ನಿಧಾನ ಮಾಡಿ ತಲೆ ಹೊರಗೆ ಹಾಕಿ, "ಡಬ್ಬಾ ಚಲೋ ಹೊಂಟಾವೇನ ತಂಗಿ? ಬಾಗಲಾ ನೋಡ್ತಾರೋ ಇಲ್ಲೋ?" ಎಂದರು. ನೋಡ್ತಾರೆ ಎಂದೆ. ಹಿಂದಿನ ಗಾಡಿಯವನು ಹಾರ್ನ್ ಬಾರಿಸಿದ, ಅವರು ಹೊರಟುಹೋದರು. ನಾನು ಅಲ್ಲೇ ಹೇಳಬಹುದಿತ್ತು... ಹಾರ್ನ್ ಬಾರಿಸಿದವನ ಮೇಲೆ ತಪ್ಪು ಹಾಕಿಕೊಂಡು ಎಷ್ಟೋ ದಿನ ಕಳೆದೆ.

ಈಗ ಎಲ್ಲ ಬೇರೆಯಾಗಿದೆ. ಡ್ರೈವರುಗಳು ಬರುತ್ತಾರೆ, ಮೊಬೈಲಿನಲ್ಲಿ ವೇಳೆ ಓಡುತ್ತಿರುತ್ತದೆ, ಕ್ಯಾಬಿನ್‌ನಿಂದ ಇಳಿಯುವುದೂ ಇಲ್ಲ. ಒಮ್ಮೆ ಬಂದವನು ಮತ್ತೆ ಬರುವುದಿಲ್ಲ. ಡಬ್ಬದೊಳಗಿನ ತಂಪನ್ನು ಎಲ್ಲೋ ಕುಳಿತವರು ಪರದೆಯ ಮೇಲೆ ನೋಡುತ್ತಾರೆ. ಹೋದ ವರ್ಷ ಹೊಸ ಸೀಲ್ ಬಗ್ಗೆ ಕಲಿಸಲು ಒಬ್ಬ ಸಾಹೇಬರು ಬಂದಿದ್ದರು. ಬಾಗಿಲು ಯಾವಾಗ ತೆರೆಯಿತು, ಯಾವಾಗ ಮುಚ್ಚಿತು, ಮುಂದೆ ನಿಂತವರು ಯಾರು ಎಲ್ಲ ದಾಖಲಾಗುತ್ತದಂತೆ. ಮುಂದೆ ಬಂದರಿನೊಳಗೆ ಗಾಡಿಗಳು ಡ್ರೈವರೇ ಇಲ್ಲದೆ ಓಡುತ್ತವಂತೆ. "ಇನ್ನ ಮ್ಯಾಲೆ ಯಾರಿಗೂ ಸುಳ್ಳು ಹೇಳಾಕ ಬರೂದಿಲ್ರಿ ಮೇಡಂ," ಎಂದು ನನ್ನನ್ನೇ ನೋಡಿ ನಕ್ಕರು. ಒಂದು ಕಬ್ಬಿಣದ ಸೀಲ್ ಹೇಳಬಲ್ಲದ್ದನ್ನು ನನ್ನ ಬಾಯಿ ಇಷ್ಟು ವರ್ಷ ಹೇಳಿರಲಿಲ್ಲ.

ಮರುದಿನವೇ ರಜೆ ಹಾಕಿ ಕೊಗನೊಳ್ಳಿಗೆ ಹೋದೆ. ಹೇಳಿಯೇ ಬರಬೇಕೆಂದು ಬಸ್ಸಿನ ತುಂಬ ಮಾತು ಜೋಡಿಸಿಕೊಂಡಿದ್ದೆ. ಮನೆಯ ಪಡಸಾಲೆಗೆ ಕಾಲಿಟ್ಟರೆ ಗೋಡೆಯ ಮೇಲೆ ಕಾಕಾ, ಫೋಟೋಕ್ಕೆ ಹಾರ. ತೀರಿಕೊಂಡು ಆರು ತಿಂಗಳಾಗಿತ್ತು.

ಕಾಕಾನ ಹೆಂಡತಿ, ಕಾಕು, ಚಹಾ ಕೊಟ್ಟರು. ಪ್ಯಾಕ್‌ಹೌಸಿನವಳು ಎಂದು ತಿಳಿದು ಮುಖ ಅರಳಿತು. "ನಿಮ್ಮ ಹೆಸರ ಭಾಳ ತಗೀತಿದ್ರು. ಕಾಗದದಾಗ ಹುಷಾರ ಹುಡುಗಿ ಅಂತಿದ್ರು," ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರೋ ಇಟ್ಟ ಉಡಿ, ಇವರ ಮ್ಯಾಲ ಬಂತು ನೋಡ್ರಿ. ಯಾರಂತ ಇವರಿಗೆ ಗೊತ್ತಿತ್ತು. ಎಷ್ಟ ಕೇಳಿದ್ರೂ ಕಡೀತನಕ ಹೇಳಲಿಲ್ಲ. ಪಾಪ, ಅವರಿಗೂ ಮನಿ ಐತಿ ಅಂದ್ರು," ಎಂದರು.

ಬಾಯಿ ತೆರೆದೆ. "ಬಸ್ಸಿಗೆ ಹೊತ್ತಾತ್ರಿ," ಅಂದುಬಿಟ್ಟೆ. ಇನ್ನು ಕೂತರೆ ಅತ್ತುಬಿಡುತ್ತೇನೆಂದು ಎದ್ದೆ. ಅಷ್ಟರಲ್ಲಿ ಒಳಗಿನಿಂದ ಸೊಸೆ ಮೊರ ಹಿಡಿದು ಬಂದಳು. "ನಿಂದರ್ರಿ ಅಕ್ಕಾರ. ಮೊದಲ್ನೇ ಸಲ ಮನಿಗೆ ಬಂದೀರಿ, ಬರೇ ಉಡೀಲೆ ಕಳಸಬಾರ್ದು," ಎಂದಳು. ಸೆರಗು ಒಡ್ಡಲೇಬೇಕಾಯಿತು. ಅಕ್ಕಿ, ಅರಿಷಿಣ ಬೇರು, ಒಣ ಕೊಬ್ಬರಿ, ಎಲೆ ಅಡಿಕೆ, ಒಂದು ಖಣ... ಒಂದೊಂದಾಗಿ ನನ್ನ ಸೆರಗಿಗೆ ಬಿದ್ದವು. ಫೋಟೋದಲ್ಲಿ ಕಾಕಾ ನೋಡುತ್ತಿದ್ದರು.

ಬೆರಳಿನ ಬೊಬ್ಬೆ ಇನ್ನೂ ಉರಿಯುತ್ತಿದೆ. ಉಡಿಯ ಅಕ್ಕಿಯನ್ನು ತುಂಬಿಸಿಕೊಂಡವಳೇ ಬೇಯಿಸಿ ಉಣ್ಣಬೇಕು, ನಮ್ಮ ಪದ್ಧತಿ ಅದು. ಕಾಕಾನ ಮನೆಯ ಅಕ್ಕಿ ದೇವರ ಗೂಡಿನ ಪಕ್ಕ ಡಬ್ಬಿಯಲ್ಲಿ ಒಂದು ವರ್ಷದಿಂದ ಹಾಗೇ ಇದೆ. ಮೊನ್ನೆ ದೀಪ ಹಚ್ಚಿದ ಮೇಲೆ ಮುಚ್ಚಳ ತೆರೆದು ನೋಡಿದೆ. ನುಸಿ ಹಿಡಿದಿದೆ.