ನಾನು ಮಾಡದ ಕರ್ಚಿಕಾಯಿ

ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದ ಮೊದಲ ದೀಪಾವಳಿಯಿಂದಲೂ ನಮ್ಮ ಕುಟುಂಬದ ಕರ್ಚಿಕಾಯಿ ನನ್ನ ಕೈಯದೇ ಆಗಿತ್ತು. ನಾವಿದ್ದದ್ದು ಖಡಕಿಯಲ್ಲಿ. ಹಬ್ಬಕ್ಕೆ ಎಲ್ಲರೂ ಸೇರುತ್ತಿದ್ದುದು ಮಾರ್ಕೆಟ್ ಯಾರ್ಡಿನ ಹತ್ತಿರದ ಭಾವನವರ ಮನೆಯಲ್ಲಿ. ಭಾವನವರ ಹೆಂಡತಿಯನ್ನು ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಅವರು ಮಾಡಿದ ಕರ್ಚಿಕಾಯಿ ಎಣ್ಣೆಗೆ ಬಿಟ್ಟ ಕೂಡಲೇ ಬಾಯಿ ಬಿಡುತ್ತಿತ್ತು. ಒಳಗಿನ ಕೊಬ್ಬರಿ, ಸಕ್ಕರೆ ಎಲ್ಲ ಚೆಲ್ಲಿ ಕಪ್ಪಾಗುತ್ತಿತ್ತು. ನಾನು ಅಚ್ಚು ಮುಟ್ಟಿದವಳಲ್ಲ. ಒಣಕೊಬ್ಬರಿ, ಸಕ್ಕರೆ, ಹುರಿದ ಗಸಗಸೆ, ಪುಠಾಣಿ ಹಿಟ್ಟು, ಏಲಕ್ಕಿ ಕೂಡಿಸಿ ತುಂಬಿ, ಅಂಚನ್ನು ಬೆರಳಲ್ಲೇ ಜಡೆ ಹೆಣೆದಂತೆ ಮಡಚುತ್ತಿದ್ದೆ. ಪಕ್ಕದ ಮನೆಯ ಮರಾಠಿ ಹೆಂಗಸರು ‘ಕರಂಜಿ’ ಅನ್ನುತ್ತ ಅದನ್ನು ನೋಡಲೆಂದೇ ಬರುತ್ತಿದ್ದರು.

ನನ್ನ ಗಂಡ ಎದೆನೋವಿನಿಂದ ತೀರಿಕೊಂಡ ವರ್ಷ ಯಾರ ಮನೆಯಲ್ಲೂ ಎಣ್ಣೆ ಇಡಲಿಲ್ಲ. ಅದು ಪದ್ಧತಿ, ನನಗೂ ಬೇಕಿರಲಿಲ್ಲ. ಮರುವರ್ಷದ ದೀಪಾವಳಿಯ ಹೊತ್ತಿಗೆ ಭಾವನವರ ಮನೆಗೆ ಹೊಸ ಸೊಸೆ ಬಂದಿದ್ದಳು. ನಾನು ಎಂದಿನಂತೆ ಕೊಬ್ಬರಿ, ಗಸಗಸೆಯ ಚೀಲ ಹಿಡಿದು ಹೋದೆ. ಕೈಕಾಲು ತೊಳೆದು ಅಡುಗೆಮನೆಗೆ ಕಾಲಿಡುವಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದು ಚೀಲ ಇಸಿದುಕೊಂಡರು.

“ನೀ ಹೊರಗ ಆರಾಮ ಕೂಡವಾ. ಈ ಸಲ ಹುಡುಗಿ ಮಾಡ್ತಾಳ.”

“ಆಕೀಗೆ ಬರ್ತದೇನ್ರಿ ಅಕ್ಕಾ?”

“ನೀ ಹೇಳಿಕೊಡು. ಕೈ ಹಚ್ಚೂದು ಬ್ಯಾಡ. ಆಕೀದು ಮೊದಲನೇ ದೀಪಾವಳಿ ಅದ. ತಿಳೀತಲ್ಲ?”

ತಿಳಿಯಿತು. ವಿಧವೆ ಎಂಬ ಮಾತನ್ನು ಅವರು ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಹೊರಗೆ ಕೂತಿದ್ದ ಭಾವನವರಿಗೆ ಎಲ್ಲ ಕೇಳಿಸಿತ್ತು. ಅವರು ಟೀವಿಯ ದನಿ ಏರಿಸಿದರು.

ಅಡುಗೆಮನೆಯ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು. ನಾನು ಕೂತೆ. ಎದ್ದು ಹೋಗಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಕಾಲೇ ಬರಲಿಲ್ಲ. ಪುಣೆಯಲ್ಲೇ ಹುಟ್ಟಿ ಬೆಳೆದ ಆ ಹುಡುಗಿ ಹಿಟ್ಟಿನ ಉಂಡೆ ಎತ್ತಿ ತೋರಿಸಿ, “ಕಾಕು, ಇಷ್ಟ ಗಟ್ಟಿ ಸಾಕೇನ್ರಿ?” ಎಂದು ಕೇಳಿದಳು. ಚಿಕ್ಕಮ್ಮನಿಗೆ ಅವಳ ಬಾಯಲ್ಲಿ ಕಾಕು. ಇನ್ನೂ ನಾದಬೇಕು ಎಂದೆ. ಮೊದಲು ಬಿಟ್ಟವು ಎಣ್ಣೆಯಲ್ಲಿ ಒಡೆದವು. ಅಕ್ಕ ಹುಡುಗಿಯ ಮೇಲೆ ರೇಗಿದರು, ಆಮೇಲೆ ನನ್ನ ಕಡೆ ತಿರುಗಿದರು. “ಏನ್ ಮಾಡೂದು, ಹೇಳವಾ.”

“ಅಂಚಿಗೆ ಹಾಲು ಹಚ್ಚಿ ಮಡಚಂತ ಹೇಳ್ರಿ. ಉರಿ ಸಣ್ಣ ಮಾಡ್ರಿ,” ಎಂದೆ.

ನನ್ನ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ. ನನ್ನ ಬುದ್ಧಿಗೆ ಮೈಲಿಗೆ ಇರಲಿಲ್ಲ, ಕೈಗೆ ಮಾತ್ರ ಇತ್ತು.

ನೈವೇದ್ಯವಾದ ಮೇಲೆ ತಟ್ಟೆ ಬಂತು. ತಿಂದೆ. ಮೇಲಿನ ಪದರು ಹಲ್ಲಿಗೆ ತಾಗುತ್ತಲೇ ಪುಡಿಯಾಯಿತು, ಗಸಗಸೆ ಹದವಾಗಿ ಹುರಿದಿತ್ತು, ಸಿಹಿ ಹೆಚ್ಚಿರಲಿಲ್ಲ. ಕೆಟ್ಟಿರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೆ. ಚೆನ್ನಾಗಿತ್ತು. ಇನ್ನೊಂದು ತೆಗೆದುಕೊಂಡು ಅದನ್ನೂ ತಿಂದೆ. ಭಾವನವರು ಸೊಸೆಗೆ, “ಭಾಳ ಛಲೋ ಆಗ್ಯಾವ. ಕೈಗುಣ ಅಂದ್ರ ಇದು,” ಎಂದರು. ಅಕ್ಕ ನಕ್ಕರು. ಹುಡುಗಿ ನನ್ನತ್ತ ನೋಡಿದಳು.

ಮರುದಿನ ಖಡಕಿಯ ನನ್ನ ಅಡುಗೆಮನೆಯಲ್ಲಿ ಒಬ್ಬಳೇ ಎಣ್ಣೆ ಇಟ್ಟೆ. ಕರಿದು, ಒಲೆಯ ಮುಂದೆ ನಿಂತೇ ಬಿಸಿಬಿಸಿ ತಿಂದೆ, ಬಾಯಿ ಸುಟ್ಟಿತು. ಅಷ್ಟು ಹಗುರವಾದ ಪದರು ನನಗೆ ಹಿಂದೆಂದೂ ಬಂದಿರಲಿಲ್ಲ. ತಿನ್ನಲು ಮಾತ್ರ ಬೇರೆ ಯಾರೂ ಇರಲಿಲ್ಲ.

ಅದಾದ ಮೇಲೆ ಹಬ್ಬಕ್ಕೆ ಆ ಮನೆಗೆ ಹೋಗುವುದನ್ನು ಬಿಟ್ಟೆ. ಅಕ್ಕ ಫೋನ್ ಮಾಡಿ, “ಸಿಟ್ಟ ಯಾಕ? ನಾವೇನರ ಅಂದೇವೇನು?” ಎಂದರು. ಅಂದಿಲ್ಲ ಬಿಡ್ರಿ ಎಂದೆ.

ಕಳೆದ ದೀಪಾವಳಿಗೆ ಆ ಸೊಸೆ ಡಬ್ಬಿ ಹಿಡಿದು ಒಬ್ಬಳೇ ಬಂದಳು. “ಅತ್ತಿಯವರು ಕಳಿಸಿಲ್ರಿ ಕಾಕು, ನಾನ ತಂದೀನಿ. ರುಚಿ ನೋಡ್ರಿ.” ಅಂಚು ಬೆರಳಲ್ಲೇ ಮಡಚಿದ್ದಳು. ಒಂದನ್ನು ಅವಳೆದುರೇ ತಿಂದು, ಛಲೋ ಆಗ್ಯದ ಎಂದೆ. ಅವಳ ಕಣ್ಣು ತುಂಬಿ ಬಂತು. ನನ್ನ ಕಪಾಟಿನಲ್ಲಿ ನಾನು ಮಾಡಿದ ಕರ್ಚಿಕಾಯಿ ಇದ್ದವು. ನಮ್ಮಲ್ಲಿ ಯಾರ ಡಬ್ಬಿಯನ್ನೂ ಬರಿದಾಗಿ ತಿರುಗಿಸುವುದಿಲ್ಲ, ಒಂದು ಚೂರು ಸಕ್ಕರೆಯಾದರೂ ಹಾಕುತ್ತಾರೆ. ನಾನು ಡಬ್ಬಿ ತೊಳೆದು, ಒರೆಸಿ, ಹಾಗೆಯೇ ಅವಳ ಕೈಗೆ ಕೊಟ್ಟೆ.