ರೇಷ್ಮೆ ಪಾಠದ ಕೈಗಳು

ಟ್ಯಾಬಿನಲ್ಲಿ ಚಿತ್ರ ಬರೆಯುವುದನ್ನು ನಾನು ಕಲಿತದ್ದು ಬರೀ ಹಟಕ್ಕೆ. ಯಾವುದೋ ಕಾರ್ಖಾನೆಯವರು ನಮ್ಮ ರೇಷ್ಮೆ ಸೀಮೆಯ ವಿಜಯಪುರದ ಶಾಲೆಗೆ ದಾನ ಕೊಟ್ಟ ಟ್ಯಾಬು ಬೀರುವಿನಲ್ಲಿ ಕೊಳೆಯುತ್ತಿತ್ತು. ಕೇಳಿದರೆ ಮುಖ್ಯೋಪಾಧ್ಯಾಯರು, "ನೀವು ಗೆಸ್ಟ್ ಟೀಚರ್ ಅಲ್ವಾ ಮೇಡಂ, ನಿಮ್ಗ್ಯಾಕೆ ಇದೆಲ್ಲ?" ಎಂದರು. ಅಷ್ಟು ಸಾಕಾಯಿತು. ಹದಿನೈದು ದಿನ ಕೂತು ಏಳನೇ ತರಗತಿಯ ರೇಷ್ಮೆ ಪಾಠವನ್ನೆಲ್ಲ ಚಿತ್ರ ಮಾಡಿ ಗೋಡೆಯ ದೊಡ್ಡ ಪರದೆಗೆ ಹಾಕಿದೆ.

ಮೊಟ್ಟೆ, ಹುಳು, ಗೂಡು ಎಲ್ಲ ಸರಿಹೋಯಿತು. ಕೊನೆಗೆ ಗೂಡಿನಿಂದ ನೂಲು ಬಿಚ್ಚುವ ಹೆಂಗಸು. ಅವಳಿಗೆ ಜರಿ ಸೀರೆ ಉಡಿಸಿ, ಬಳೆ ತೊಡಿಸಿ, ನಗಿಸಿ ಕೂರಿಸಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಕೈ ಹಂಗಿರಲ್ಲ."

ಅವಳ ತಾಯಿ ರೀಲಿಂಗ್ ಘಟಕದಲ್ಲಿ ದಿನವೆಲ್ಲ ಬಿಸಿನೀರಿಗೆ ಕೈ ಹಾಕಿ ಗೂಡಿನ ಎಳೆ ಹುಡುಕುವವಳು. "ಬೆಳ್ಳಗೆ ಊದ್ಕೊಂಡಿರ್ತವೆ ಮಿಸ್. ಬೆರಳ ಸಂದೀಲೆಲ್ಲ ಸುಲ್ದೋಗಿರ್ತದೆ. ಸಾರು ಉರೀತೈತೆ ಅಂತ ಸ್ಪೂನಲ್ಲೇ ಉಣ್ತಾಳೆ."

ಛೀ, ಯಾಕಾದರೂ ಆ ಬಳೆ ತೊಡಿಸಿದೆನೋ ಅನ್ನಿಸಿತು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಳೆಯ ಚಿತ್ರದ ಮೇಲೆ ಇನ್ನೊಂದು ಪದರ ತೆರೆದು ಅವಳು ಹೇಳಿದಂತೆ ಕೈಗಳನ್ನು ದೊಡ್ಡದಾಗಿ ಬರೆದೆ. "ಇನ್ನೂ ಬಿಳೀ ಮಿಸ್. ಉಗುರು ಸವ್ದೋಗಿರ್ಬೇಕು." ಮುಗಿದಾಗ, "ನಮ್ಮಮ್ಮಂದೇ ಕಣ್ರೋ!" ಎಂದು ಇಡೀ ತರಗತಿಗೆ ಕೇಳುವಂತೆ ಕೂಗಿದಳು. ನನಗೂ ಜಂಬ ಬಂತು.

ದಾನ ಕೊಟ್ಟವರು ಪಾಠ ನೋಡಲು ಬರುವ ದಿನ, ಅವರು ಬರುವುದಕ್ಕೆ ಸ್ವಲ್ಪ ಮುಂಚೆ, ಮುಖ್ಯೋಪಾಧ್ಯಾಯರು ಆ ಚಿತ್ರ ಕಂಡು ಮುಖ ಸಿಂಡರಿಸಿದರು.

"ಥೂ, ಇದೇನ್ ಮೇಡಂ, ಆಸ್ಪತ್ರೆ ಫೋಟೋ ಇದ್ದಂಗಿದೆ! ತೆಗೀರಿ. ಮುಂದಿನ ವರ್ಷಾನೂ ನೀವು ಇಲ್ಲಿಗೆ ಬರ್ಬೇಕಲ್ವಾ?"

ಮನೆಯಲ್ಲಿ ಅತ್ತೆ, ಗಂಡ ಯಾರ ಮಾತಿಗೂ ಜಗ್ಗದ ನಾನು ಟ್ಯಾಬು ಕೈಗೆತ್ತಿಕೊಂಡೆ. ಅಳಿಸುವ ಕಷ್ಟವೂ ಇರಲಿಲ್ಲ. ಒಂದು ಗುರುತು ಒತ್ತಿದರೆ ಮೇಲಿನ ಪದರ ಮರೆಯಾಗಿ ಕೆಳಗಿನ ಜರಿ ಸೀರೆಯವಳು ಬರುತ್ತಾಳೆ. ಒತ್ತಿದೆ.

ಹುಡುಗಿ ತಾಯಿಯನ್ನು ಕರೆದಿರುವುದು ನನಗೆ ಗೊತ್ತಿರಲಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಬಂದ ಆಕೆ, ಸೆರಗಿನೊಳಗೆ ಕೈ ಇಟ್ಟುಕೊಂಡು ಬಾಗಿಲ ಬಳಿ ನಿಂತೇ ಪಾಠ ನೋಡಿದಳು. ಪರದೆಯ ಮೇಲೆ ಜರಿ ಸೀರೆಯವಳು ನಕ್ಕಳು. ಬಂದವರು ಚಪ್ಪಾಳೆ ತಟ್ಟಿ, ಕಾಫಿ ಕುಡಿದು ಹೊರಟರು.

ತಾಯಿ ಒಳಗೆ ಬಂದು ಮಗಳನ್ನು ಕೇಳಿದಳು, "ಎಲ್ಲೇ ನನ್ ಕೈ? ಮಿಸ್ಸು ಬರ್ದವ್ರೆ ಅಂದ್ಯಲ್ಲೇ?"

ಹುಡುಗಿ ನನ್ನ ಮುಖ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯರನ್ನೂ ನೋಡಿದಳು.

"ಬರ್ದಿಲ್ಲ ಕಣಮ್ಮ. ನಾನೇ ಸುಳ್ಳೇಳ್ದೆ."

ತಾಯಿ ಅವಳ ತಲೆಗೊಂದು ಮೊಟಕಿದಳು. ಆಮೇಲೆ ಸೆರಗಿನಿಂದ ಕೈ ಹೊರತೆಗೆದು ನನಗೆ ಮುಗಿದಳು. "ತಪ್ ತಿಳ್ಕೋಬೇಡಿ ಮಿಸ್. ಸುಳ್ಳೇಳೋ ಮಗಳಲ್ಲ ಇವ್ಳು, ಅದೇನಾಯ್ತೋ."

"ಇರ್ಲಿ ಬಿಡಮ್ಮ, ಮಕ್ಕಳಲ್ವಾ" ಎಂದುಬಿಟ್ಟೆ ನಾನು.